ಜೀನಗಾರರು ಹೊಲಿದ ಸೀಟು

ನಾನು ಅಜ್ಜನಾದೆ! ಜಮಖಂಡಿಯ ಆಸ್ಪತ್ರೆಯಲ್ಲಿ ಮಗಳು ಹೆಣ್ಣುಕೂಸು ಹೆತ್ತಳು. ಹೆರಿಗೆ ಕಷ್ಟದ್ದಾಗಿ ಹೊಲಿಗೆ ಬಿದ್ದಿದ್ದವು. “ನಿಮ್ಮೂರು ಬನಹಟ್ಟಿಗೆ ಕರಕೊಂಡ ಹೋಗ್ರಿ, ಆದರ ಮೈ ಕುಲುಕಬಾರದು” ಅಂದರು ಡಾಕ್ಟರು. ನನ್ನ ಹಳೇ ಮೋಟಾರಿನ ಹಿಂಭಾಗವೆಲ್ಲ ಸೀರೆ ಗಂಟು ಹೇರುವ ಜಾಗ. ಮುಂದಿನ ಸೀಟು ಹರಿದು ಸ್ಪ್ರಿಂಗು ಹೊರಗೆ ಬಂದಿದ್ದವು.

ಅರಮನೆಯ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದ ಒಬ್ಬ ಮುದಿ ಜೀನಗಾರರ ಬಳಿ ಓಡಿದೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ಲಾಯದಲ್ಲಿ ಕುದುರೆಗಳೇ ಉಳಿದಿರಲಿಲ್ಲ. ಅವರು ಸ್ಪ್ರಿಂಗು ಬಿಗಿದು, ಕುದುರೆಕೂದಲು ತುಂಬಿ, ಹೊಸ ಚರ್ಮ ಹೊದಿಸಿ ನನ್ನನ್ನು ಕೂರಿಸಿದರು. ಹೊಗಳಲು ಬಾಯಿ ತೆರೆದರೆ, “ಸುಮ್ನ ಕುಂಡರ್ರಿ, ನಾ ನೋಡತೇನಿ” ಎಂದು ನನ್ನ ಪಾದವನ್ನೇ ನೋಡುತ್ತ ನಿಂತರು. ಜೀನು ಒತ್ತಿದರೆ ಕುದುರೆ ಕಿವಿ ಹಿಂದಕ್ಕೆ ಮಾಡುತ್ತದಂತೆ, ಮನುಷ್ಯ ಕಾಲ್ಬೆರಳು ಮಡಚುತ್ತಾನಂತೆ. ಎರಡು ಸಲ ಬಿಚ್ಚಿ ಹೊಲಿದರು.

ಆಸ್ಪತ್ರೆಗೂ ಜೊತೆಗೇ ಬಂದರು. ಮಗಳು ಕೂಸನ್ನೆತ್ತಿಕೊಂಡು ಕೂತು, “ಭಾಳ ಛಲೋ ಐತ್ರಿ ಕಾಕಾ” ಅಂದಳು.

“ಸುಮ್ನ ಕುಂಡರು ತಂಗಿ, ನಾ ನೋಡತೇನಿ.” ಅವಳ ಮಡಚಿದ ಕಾಲ್ಬೆರಳು ನೋಡಿದವರೇ ನಕ್ಕರು. “ಇಳಿಯವ್ವಾ. ಮೂರ ಮಣ ತೂಗೋ ನಿಮ್ಮಪ್ಪಗ ಹೊಲದದ್ದು, ನಿನಗ ಹೊಂದವಲ್ದು.”

ಅಲ್ಲೇ ಬಾಗಿಲಲ್ಲಿ ಕೂತು ಹೊಲಿಗೆ ಬಿಚ್ಚಿದರು, ಎಡತೊಡೆ ಬರುವ ಕಡೆಯಿಂದ ಒಂದೇ ಒಂದು ಹಿಡಿ ಕೂದಲು ತೆಗೆದು ಮತ್ತೆ ಹೊಲಿದರು. ಈ ಸಲ ಮಗಳು ಕೂತಾಗ ಬೆರಳು ತಾವಾಗಿಯೇ ಸಡಿಲಾದವು. ಆ ಕಲ್ಲುರಸ್ತೆಯಲ್ಲಿ ಅವಳು ಒಮ್ಮೆಯೂ ನರಳಲಿಲ್ಲ, ನಿದ್ದೆ ಹೋದಳು! ಆ ಜೀನಗಾರರ ಕಣ್ಣಿಗೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ನಮಗೆ ಹುಗ್ಗಿ, ಬಾಣಂತಿಗೆ ಅಳವಿ ಬೀಜದ ಪಾಯಸ. ಆಸ್ಪತ್ರೆಯಲ್ಲಿ ಮಲಗಿಯೇ ಗಂಜಿ ಕುಡಿದಿದ್ದ ಮಗಳು ನಮ್ಮ ಸಾಲಿನಲ್ಲೇ ಕೂತು, “ಯವ್ವಾ, ಇನ್ನೊಂದೀಟ ನೀಡ” ಅಂದಳು.