ಹೊಸ ರ‍್ಯಾಮಿನ ಮೇಲೆ ನನ್ನ ಗುರುತು

ಯಾರನ್ನೂ ನಂಬದಿರುವುದೇ ನನ್ನ ಹೊಟ್ಟೆಪಾಡು. ಮುದ್ದೇಬಿಹಾಳದಲ್ಲಿ ಕಚೇರಿಗಳ ಎದುರಿನ ಸಣ್ಣ ಕೋಣೆಯಲ್ಲಿ ಕೂತು ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ, ಅರ್ಜಿಗಳನ್ನು ಬರೆದುಕೊಡುತ್ತೇನೆ. ಅಣ್ಣತಮ್ಮಂದಿರು ನಗುನಗುತ್ತ ಒಳಗೆ ಬಂದರೆ ಮೊದಲು ಅವರ ಪಹಣಿ ನೋಡುತ್ತೇನೆ, ಆಮೇಲೆ ಮುಖ. ಸತ್ತವರ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಲು ಬಂದವರನ್ನೂ ಕಂಡಿದ್ದೇನೆ. ಹೀಗಾಗಿ ಬೆಳ್ಳಗಿರುವುದೆಲ್ಲ ಹಾಲು ಎಂದು ನಾನು ಯಾವತ್ತೂ ಕುಡಿದವನಲ್ಲ.

ನನ್ನ ಕಂಪ್ಯೂಟರ್ ಹಳೆಯದು. ಅದು ಒಂದು ಪತ್ರ ತೆರೆಯುವಷ್ಟರಲ್ಲಿ ಪಕ್ಷಗಾರರು ಹೋಗಿ ಚಹಾ ಕುಡಿದು ಬರುತ್ತಿದ್ದರು. ರ‍್ಯಾಮ್ ಎಂಬ ಒಳಗಿನ ಮೆಮೊರಿ ಪಟ್ಟಿ ಬದಲಿಸಿದರೆ ಚುರುಕಾಗುತ್ತದೆ ಎಂದವಳು ಗೊಳಸಂಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಎರಡು ತಿಂಗಳಾಗಿತ್ತು. ಹೆಂಗಸು ಸ್ಕ್ರೂಡ್ರೈವರ್ ಹಿಡಿದದ್ದನ್ನು ನೋಡಲು ನಿಲ್ಲುವವರು ಬಹಳ, ಕೆಲಸ ಕೊಡುವವರು ಕಡಿಮೆ. ಆ ಅಂಗಡಿ ಉಳಿಯುವುದೂ ಮುಚ್ಚುವುದೂ ಊರಿನ ನಾಲ್ಕು ಜನರ ಬಾಯಲ್ಲಿತ್ತು. ಆ ನಾಲ್ವರಲ್ಲಿ ನಾನೂ ಒಬ್ಬ.

ಆಕೆ ನನ್ನ ಕೋಣೆಗೇ ಬಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ನಾನು ಕತ್ತು ಬಗ್ಗಿಸಿ ನಿಂತೇ ಇದ್ದೆ. ರ‍್ಯಾಮ್ ಅಂದರೆ ಬೆರಳುದ್ದದ ಹಸಿರು ಪಟ್ಟಿ, ಅದರ ಅಂಚಿಗೆ ಸಾಲಾಗಿ ಬಂಗಾರ ಬಣ್ಣದ ಹಲ್ಲುಗಳು. ಹಳೆಯದನ್ನು ಕೇಳಿ ಇಸಿದುಕೊಂಡು ಡ್ರಾವರಿನಲ್ಲಿಟ್ಟೆ. ಹೊಸದು ಹಾಕಿದ ಕೂಡಲೇ ಕಂಪ್ಯೂಟರ್ ಸರ್ರನೆ ಎದ್ದಿತು. ಹೋಗುವಾಗ ಆಕೆ ಅಂದಳು:

“ಒಳಗ ಭಾಳ ಧೂಳ ಐತ್ರಿ ಅಣ್ಣಾರ. ಮುಂದಿನ ವಾರ ಅಂಗಡಿಗೆ ಕಳಸ್ರಿ, ಸ್ವಚ್ಛ ಮಾಡಿ ಕೊಡ್ತೇನಿ. ಅದಕ್ಕೇನೂ ರೊಕ್ಕ ಬ್ಯಾಡ್ರಿ.”

ರೊಕ್ಕ ಬೇಡ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಪುಕ್ಕಟೆ ಯಾಕೆ? ಅಂಗಡಿಗೇ ಯಾಕೆ? ಅಲ್ಲಿ ಹೊಸದನ್ನು ತೆಗೆದು ಯಾವುದೋ ಹಳೆಯದನ್ನು ತುರುಕಿದರೆ ನನಗೆ ಗೊತ್ತಾಗುವುದು ಹೇಗೆ?

ಅರ್ಜಿಗೆ ಫೋಟೋ ಅಂಟಿಸಿದ ಮೇಲೆ ನಾವು ಸಹಿಯನ್ನು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಮಾಡಿಸುತ್ತೇವೆ. ಫೋಟೋ ಕಿತ್ತು ಬೇರೆಯವರದು ಹಚ್ಚಿದರೆ ಸಿಕ್ಕಿಬೀಳುತ್ತಾರೆ. ನನಗೆ ಅದೇ ಬುದ್ಧಿ ಓಡಿತು. ಮರುದಿನ ಹೆಂಡತಿಯ ಉಗುರುಬಣ್ಣದ ಸೀಸೆ ತಂದೆ. ಸಂಜೆ ಕೆಲಸ ಮುಗಿದ ಮೇಲೆ ಆಕೆ ಮಾಡಿದ್ದಂತೆಯೇ ಡಬ್ಬಿ ಬಿಚ್ಚಿ ರ‍್ಯಾಮ್ ಕಿತ್ತು, ಅರ್ಧ ಹಸಿರಿನ ಮೇಲೆ, ಅರ್ಧ ಬಂಗಾರದ ಹಲ್ಲುಗಳ ಮೇಲೆ ನನ್ನ ಸಹಿಯ ಮೊದಲ ಅಕ್ಷರ ಬರೆದೆ. ಒಣಗಿದ ಮೇಲೆ ಮೊದಲಿನ ಜಾಗದಲ್ಲೇ ಒತ್ತಿ ಕೂರಿಸಿ ಮನೆಗೆ ಹೋದೆ.

ಬೆಳಿಗ್ಗೆ ಬಟನ್ ಒತ್ತಿದರೆ ಬೀಪ್, ಬೀಪ್, ಬೀಪ್. ಪರದೆ ಕಪ್ಪಗೆ ನಿಂತಿತು. ನನ್ನ ಗುರುತಿನ ಮೇಲೆ ನನಗೆ ಒಂದು ಗಳಿಗೆಯೂ ಸಂಶಯ ಬರಲಿಲ್ಲ. ಗುರುತು ಹಾಕಿದವನು ನಾನಾದ ಮೇಲೆ ಕೆಡಿಸಿದವರು ಬೇರೆ ಇರಲೇಬೇಕಲ್ಲ! ಕಾಯುತ್ತಿದ್ದ ಪಕ್ಷಗಾರರ ಮುಂದೆ, “ಆಕಿ ಹಳೇ ಮಾಲ ಹಾಕಿ ಹೋಗ್ಯಾಳ,” ಎಂದೆ. ಚಹಾದಂಗಡಿಯಲ್ಲಿ ಇನ್ನೊಮ್ಮೆ ಅಂದೆ. ಅಲ್ಲಿ ಕೂತಿದ್ದ ವಕೀಲರ ಗುಮಾಸ್ತ ಎದ್ದು ಹೋಗಿ, ರಿಪೇರಿಗೆ ಕೊಟ್ಟಿದ್ದ ಪ್ರಿಂಟರನ್ನು ಆಕೆಯ ಅಂಗಡಿಯಿಂದ ವಾಪಸ್ ತಂದ. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಆಕೆ ಬಂದಳು. ಮಾತು ಆಗಲೇ ಮುಟ್ಟಿತ್ತೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ವೈರುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದಳು. ಬೀಪ್. ರ‍್ಯಾಮನ್ನು ಪಕ್ಕದ ಸಂದಿಗೆ ಬದಲಿಸಿದಳು. ಬೀಪ್. ನನ್ನ ಡ್ರಾವರಿನಿಂದ ಹಳೆಯದನ್ನು ಇಸಿದುಕೊಂಡು ಹಾಕಿದಳು. ಕಂಪ್ಯೂಟರ್ ಎದ್ದಿತು.

“ನೋಡ ತಂಗೀ, ಹಳೇದ ಓಡ್ತೈತಿ, ನಿಂದ ಓಡಂಗಿಲ್ಲ,” ಎಂದೆ.

“ನನಗ ಕೊಟ್ಟವರು ಕೆಟ್ಟದ್ದು ಕೊಟ್ಟಿರಬೇಕ್ರಿ. ಬ್ಯಾರೆ ತಂದು ಹಾಕ್ತೇನಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದುಕೊಂಡೆ. ಆಕೆ ಕೊನೆಯ ಪ್ರಯತ್ನವೆಂದು ಚೀಲದಿಂದ ಸಾಲಿ ಮಕ್ಕಳ ರಬ್ಬರ್ ತೆಗೆದು, ರ‍್ಯಾಮಿನ ಹಲ್ಲು ಉಜ್ಜಲು ಕಿಟಕಿಯ ಬೆಳಕಿಗೆ ಹೋದಳು. ಅಲ್ಲೇ ನಿಂತಳು.

“ಇದೇನ್ರಿ ಇದು ಕೆಂಪಂದು? ಉಗುರಿಗೆ ಹಚ್ಚೂ ಬಣ್ಣ ಇದ್ದಂಗ ಐತಿ.”

ಅಂದವಳು ತನ್ನ ಕೈಬೆರಳು ನೋಡಿಕೊಂಡಳು. ಬರಿಯ ಉಗುರುಗಳು, ಅಂಚಿಗೆ ಧೂಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಸ್ಥಿತಿ ಹಾಗಾಯಿತು.

“ನಾನ ಹಚ್ಚೇನಿ, ತಂಗೀ. ನೀ ಎಲ್ಲೆರ ಬದಲಿ ಮಾಡಿಗೀಡಿ ಅಂತ...”

ಕರೆಂಟು ಹರಿಯುವ ಹಲ್ಲುಗಳಿಗೇ ನನ್ನ ಬಣ್ಣ ಅಡ್ಡ ಕೂತಿತ್ತು. ಆಕೆ ಉಗುರಿನಿಂದ ಅದನ್ನು ಕೆರೆದು, ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ ಕೂರಿಸಿದಳು. ಕಂಪ್ಯೂಟರ್ ಸರ್ರನೆ ಎದ್ದಿತು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ. ತಪ್ಪಾಯಿತು ಎಂದೆ.

“ನನಗ ಹೇಳಿ ಏನ ಮಾಡ್ತೀರಿ ಅಣ್ಣಾರ? ಯಾರ ಮುಂದ ಆಡಿದ್ರೋ ಅವರ ಮುಂದ ಹೇಳ್ರಿ,” ಎಂದು ಡಬ್ಬಿಯ ಸ್ಕ್ರೂ ಬಿಗಿದು ಹೋದಳು.

ನೆಟ್ಟಗೆ ಚಹಾದಂಗಡಿಗೆ ನಡೆದೆ. ಉಗುರುಬಣ್ಣದ ಕಥೆ ಸಮೇತ ಎಲ್ಲ ಹೇಳಿದೆ. ಗುಮಾಸ್ತ ಚಹಾ ಕಪ್ ಕೆಳಗಿಟ್ಟು ಉಳಿದವರ ಕಡೆ ನೋಡಿ ನಕ್ಕ.

“ಭಾರಿ ಕಥಿ ಕಟ್ಟೀರಿ ಬಿಡ್ರಿ. ಏನ ಕೊಟ್ಟಾಳ ಆಕಿ, ನಿಮ್ಮ ಬಾಯಿ ಮುಚ್ಚಸಾಕ?”

ಬೆಳಿಗ್ಗೆ ನಾನು ಸುಳ್ಳು ಹೇಳಿದಾಗ ಒಬ್ಬನೂ ಪುರಾವೆ ಕೇಳಿರಲಿಲ್ಲ. ಪ್ರಿಂಟರ್ ಮತ್ತೆ ಆಕೆಯ ಅಂಗಡಿಗೆ ಹೋಗಲಿಲ್ಲ. ನಾನು ಕಂಡಕಂಡವರಿಗೆ ಹೇಳುತ್ತ ಹೋದೆ. ಹೇಳಿದಷ್ಟೂ ಜನ ಕಣ್ಣು ಮಿಟುಕಿಸಿದರು. ಮೂರು ತಿಂಗಳಲ್ಲಿ ಆಕೆ ಅಂಗಡಿ ಖಾಲಿ ಮಾಡಿದಳು.

ಮುಂದಿನವರಿಗೆ ಬಾಡಿಗೆ ಕರಾರುಪತ್ರ ಮಾಡಿಕೊಡಲು ಆ ಮಳಿಗೆಯ ಮಾಲೀಕ ಅವರನ್ನು ಕರೆದುಕೊಂಡು ನನ್ನ ಕೋಣೆಗೇ ಬಂದ. ಮೊದಲಿದ್ದವರು ಯಾಕೆ ಬಿಟ್ಟರು ಎಂದು ಹೊಸ ಬಾಡಿಗೆದಾರ ಕೇಳಿದ.

“ಆಕಿ ಹಾಕೂ ಮಾಲ ಸರಿ ಇರಲಿಲ್ಲಂತ್ರಿ,” ಎಂದ ಮಾಲೀಕ.

ನಾನು ಟೈಪ್ ಮಾಡುವುದನ್ನು ನಿಲ್ಲಿಸಿ, ಅದು ಸುಳ್ಳು ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೊಸಬ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಪರದೆಯ ಮೇಲೆ ನಾನು ಅಲ್ಲಿಯವರೆಗೆ ಬರೆದಿದ್ದ ಕರಾರುಪತ್ರವನ್ನು ಮೊದಲ ಸಾಲಿನಿಂದ ತಪಾಸಣೆ ಮಾಡುವವನಂತೆ ಓದತೊಡಗಿದ.