ಪರದೆ ಮಾಮ ನಡುವೆ ಬಿಟ್ಟ ಜಾಗ

ಪರದೆ ಮಾಮ ಎದ್ದು ಹೋಗಿ ಮತ್ತೊಮ್ಮೆ ಕುಂಚ ತೊಳೆದ. ತೊಳೆಯುವುದಕ್ಕೆ ಅದರಲ್ಲಿ ಬಣ್ಣವೇ ಇರಲಿಲ್ಲ. ಬಂದು ಸ್ಟೂಲಿನ ಮೇಲೆ ಕುಳಿತ, ಎದ್ದ, ಕಿಟಕಿ ತೆರೆದ, ಬೆಳಕು ಹೆಚ್ಚಾಯಿತೆಂದು ಮುಚ್ಚಿದ, ಕತ್ತಲಾಯಿತೆಂದು ತೆರೆದ. ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆಯೆತ್ತದೆಯೇ ಹೇಳಿದಳು: "ಆ ಕಿಟಕಿ ಏನು ಪಾಪ ಮಾಡಿತ್ತುರೀ? ಬಿಟ್ಟುಬಿಡಿ ಅದನ್ನ."

ಗೋಡೆಗೆ ಒರಗಿಸಿದ ಚೌಕಟ್ಟಿನಲ್ಲಿ ಆಳೆತ್ತರದ ಬಟ್ಟೆ ಬಿಗಿದು ನಿಂತಿತ್ತು. ಎಡಕ್ಕೊಂದು ಕಂಬ, ಬಲಕ್ಕೊಂದು ಹೂಕುಂಡ, ಕೆಳಗೆ ಮೆಟ್ಟಿಲು, ಮೇಲೆ ಮೋಡ. ನಡುವೆ ಮಾತ್ರ ಬೋಳು.

ಬೀದಿಯ ಕೊನೆಯಲ್ಲಿದ್ದ ಫೋಟೋ ಸ್ಟುಡಿಯೋಗೆ, ನಿಲ್ಲುವವರ ಹಿಂದೆ ಇಳಿಬಿಡುವ ಪರದೆ ಬರೆಯುವುದೇ ಅವನ ಜೀವಮಾನದ ಕಸುಬು. ಮೀಸೆ ಚಿಗುರುವ ಮೊದಲು ಒಳಗೆ ಹೋದವನು ಮೀಸೆ ನರೆತ ಮೇಲೆ ಹೊರಗೆ ಬಂದ. ತಾನು ಕಣ್ಣಿಂದ ಕಾಣದ ಅರಮನೆ, ಸರೋವರ, ತೋಟಗಳನ್ನೆಲ್ಲ ಬರೆದ. ಊರಿನವರು ಕಾಲಿಡದ ಆ ಜಾಗಗಳಲ್ಲಿ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಂಡರು. ಪರದೆಯ ನಡುವೆ ಏನೂ ಇರಕೂಡದು, ಅದು ನಿಲ್ಲುವವರ ಜಾಗ. ಹೊಸದರಲ್ಲಿ ಒಮ್ಮೆ ಅರಿಯದೆ ನಡುಮಧ್ಯೆ ಬಿದಿಗೆಯ ಚಂದ್ರನನ್ನು ಬರೆದುಬಿಟ್ಟಿದ್ದ. ಅದರ ಮುಂದೆ ನಿಂತ ಮದುಮಗನಿಗೆ ಫೋಟೋದಲ್ಲಿ ಎರಡು ಕೊಂಬು ಮೂಡಿ, ಬೀಗರು ಸ್ಟುಡಿಯೋ ಬಾಗಿಲಿಗೆ ಜಗಳಕ್ಕೆ ಬಂದರು. ಅಂದು ಕಲಿತ ಪಾಠ ಕೈಯ ಮೂಳೆಗೇ ಇಳಿಯಿತು. ಕುಂಚ ಹಿಡಿದರೆ ಕೈ ತಾನಾಗಿ ಅಂಚಿಗೆ ಓಡುತ್ತಿತ್ತು.

ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಹೋದ ವರ್ಷ, ಫೋಟೋ ತೆಗೆಯುತ್ತಿದ್ದ ಯಜಮಾನರೂ ತೀರಿಕೊಂಡರು. ಅವರ ಮಗಳು ಆ ಜಾಗಕ್ಕೆ ಸುಣ್ಣ ಬಳಿಸಿ, ಚಿತ್ರ ತೂಗುಹಾಕುವ ಹಾಲ್ ಮಾಡಿದಳು. ಭಾನುವಾರ ಅದರ ಬಾಗಿಲು ತೆರೆಯಬೇಕು. ಎದುರಿನ ಗೋಡೆಗೆ ಮಾಮನೇ ಬರೆದ ಚಿತ್ರ.

"ಏನು ಬೇಕಾದ್ರೂ ಬರೀರಿ ಮಾಮ," ಎಂದಿದ್ದಳು. "ಕೆಳಗೆ ನಿಮ್ಮ ಹೆಸರು ಹಾಕಿ."

ಆ ಹೆಸರಿನ ಮಾತೇ ಅವನ ನಿದ್ದೆ ಕಸಿದದ್ದು. ಪರದೆಗೆ ಹೆಸರು ಹಾಕುವ ರೂಢಿಯಿಲ್ಲ. ಹಾಕಿದರೆ ಯಾರದೋ ಮದುವೆ ಫೋಟೋದಲ್ಲಿ ಮೊಣಕಾಲ ಪಕ್ಕ ಇವನ ಹೆಸರು ಇಣುಕುತ್ತದೆ. ಇಡೀ ಜೀವಮಾನದಲ್ಲಿ ಅವನು ತನ್ನದೆಂದು ಒಂದು ಅಕ್ಷರ ಬರೆದದ್ದಿಲ್ಲ. ಹಾಲಿನ ಗೋಡೆಗೆ ತನ್ನ ಚಿತ್ರ, ಕೆಳಗೆ ತನ್ನ ಹೆಸರು ಎಂದು ಅವನು ಆಗಲೇ ಬೀದಿಗೆಲ್ಲ ಡಂಗುರ ಹೊಡೆದು ಬಂದಿದ್ದ. ಈಗ ನುಂಗಲೂ ಆಗದು, ಉಗುಳಲೂ ಆಗದು.

ಸಲಹೆಗೇನು ಬರವಿರಲಿಲ್ಲ. "ಹುಲಿ ಬರೆದುಬಿಡು. ಹುಲಿಯ ತಪ್ಪು ಹುಡುಕೋಕೆ ಹತ್ತಿರ ಯಾರು ಹೋಗ್ತಾರೆ?" ಎಂದ ಕ್ಷೌರದಂಗಡಿಯವನು. ಮಾಮ ಬರೆದ. ಅದು ಸ್ಟೂಲಿನ ಮೇಲೆ ಕುಳಿತು, ಗಲ್ಲ ಎತ್ತು ಎಂದು ಯಾರಾದರೂ ಹೇಳಲಿ ಎಂದು ಕಾಯುವ ಬೆಕ್ಕಿನಂತೆ ಕಂಡಿತು. ಬಿಳಿ ಬಳಿದ. ಅಮ್ಮನನ್ನು ಬರಿ ಎಂದಳು ಅಕ್ಕ. ಬರೆದರೆ ಮೂಗು ಅಕ್ಕನದೇ ಆಯಿತು. "ಇದು ನಾನೇ ಕಣೋ, ಆದ್ರೆ ಇಷ್ಟು ವಯಸ್ಸಾಗಿದೆಯಾ ನಂಗೆ?" ಎಂದು ಅವಳು ಮುನಿಸಿಕೊಂಡು ಹೋದಳು. ಮತ್ತೆ ಬಿಳಿ. ಬಳಿದೂ ಬಳಿದೂ ನಡುವಿನ ಜಾಗ ಗೋಡೆಯ ಹಾಗೆ ದಪ್ಪಗಾಯಿತು.

ಗುರುವಾರ ಯಜಮಾನರ ಮಗಳು ನೋಡಲು ಬಂದಳು. ಚಿತ್ರದ ಮುಂದೆ ನಿಂತವಳು ತನಗೇ ತಿಳಿಯದೆ ನಡುವಿಗೆ ಸರಿದು, ತಲೆಗೂದಲು ಸರಿಮಾಡಿಕೊಂಡಳು.

"ಚೆನ್ನಾಗಿದೆ ಮಾಮ," ಎಂದಳು. "ಇಲ್ಲಿ ಯಾರು ನಿಂತ್ಕೋತಾರೆ?"

ಮಾಮನ ಮುಖ ಸುಟ್ಟ ಬದನೆಕಾಯಾಯಿತು. ಅವಳು ದನಿ ತಗ್ಗಿಸಿದಳು: "ಶನಿವಾರ ಸಂಜೆ ಗಾಡಿ ತರ್ತೀನಿ. ಆಗದಿದ್ರೆ ಬೇಜಾರು ಮಾಡ್ಕೋಬೇಡಿ. ಜಲಪಾತದ್ದೊಂದು ಪ್ರಿಂಟ್ ಇದೆ, ಅದನ್ನೇ ಹಾಕೋಣ."

ಜಲಪಾತದ ಹೆಸರು ಕೇಳಿದ ಮೇಲಂತೂ ಅವನು ಕುಳಿತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅಂಗಡಿಯವರೆಗೆ ಹೋಗಿ ಏನು ಕೊಳ್ಳಬೇಕೆಂದು ಮರೆತು ಬಂದ. ಬೀದಿಯಲ್ಲಿ ಯಾರಾದರೂ "ಆಯ್ತಾ ಮಾಮ?" ಎಂದರೆ ಸಾಲ ಕೊಟ್ಟವನ ಕಂಡವನಂತೆ ಸಂದಿ ಹಿಡಿದ. ಮನೆಗೆ ಬಂದು ಕುಂಚವನ್ನು ನೆಲಕ್ಕೆ ಒಗೆದ.

"ಕುಣಿಯೋಕೆ ಬರದವಳಿಗೆ ನೆಲ ಡೊಂಕು," ಎಂದಳು ಹೆಂಡತಿ. "ಕುಂಚಕ್ಕೆ ಯಾಕೆ ಹೊಡೀತೀರಿ?"

"ನಂಗೆ ಜನ ಗೊತ್ತಿಲ್ಲ ಕಣೆ. ನನ್ನ ಕೆಲಸ ಮುಗಿದ ಮೇಲೇ ಜನ ಬರ್ತಿದ್ದಿದ್ದು."

"ಮತ್ತೆ ಅಷ್ಟು ವರ್ಷ ಪರದೆ ಅಂಚಲ್ಲಿ ನಿಂತು ಏನು ನೋಡ್ತಿದ್ರಿ, ಸೊಳ್ಳೆನಾ?"

"ಸುಕ್ಕು ಬೀಳದ ಹಾಗೆ ಎಳೆದು ಹಿಡ್ಕೊಂಡಿರ್ತಿದ್ದೆ. ಅಲ್ಲಿಂದ ಜನರ ಮುಖ ಎಲ್ಲಿ ಕಾಣ್ಬೇಕು?"

ಅವಳು ದಾರ ಕಡಿದು ಮತ್ತೆ ಯಂತ್ರ ತುಳಿದಳು.

ಶುಕ್ರವಾರ ಬೆಳಿಗ್ಗೆ ಕಿರಿಮಗ ಹೊಸ ಕೆಲಸಕ್ಕೆ ಹೊರಟ. ಯಾವುದೋ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಅವರು ಕೊಟ್ಟ ಯೂನಿಫಾರಂ ಅಂಗಿಯೊಳಗೆ ಅವನಂಥವರು ಇಬ್ಬರು ಹಿಡಿಯುತ್ತಿದ್ದರು. ತಾಯಿ ಅದನ್ನು ಬೆನ್ನ ಹಿಂದೆ ಎಳೆದು ಮಡಿಸಿ, ಎಲ್ಲೆಲ್ಲಿ ಹಿಡಿಸಬೇಕೋ ಅಲ್ಲೆಲ್ಲ ಬಟ್ಟೆ ಒಣಗಿಸುವ ಕ್ಲಿಪ್ಪು ಕಚ್ಚಿಸಿದಳು. ಮಗ ಕನ್ನಡಿಯ ಮುಂದೆ ಎದೆ ಸೆಟೆಸಿ ನಿಂತ. ಕನ್ನಡಿಯಲ್ಲಿ ಅವನು ದಂಡನಾಯಕ.

"ಹೇಗಿದೆ ಅಪ್ಪ?"

ಅಪ್ಪ ಹಿಂದೆ ಸ್ಟೂಲಿನ ಮೇಲಿದ್ದ. ಅವನಿಗೆ ಕಂಡದ್ದು ಬೆನ್ನು. ಬೆನ್ನುಮೂಳೆಯ ಉದ್ದಕ್ಕೂ ಸಾಲು ಕ್ಲಿಪ್ಪು, ಕ್ಲಿಪ್ಪಿನ ಕೆಳಗೆ ಒಂದನ್ನೊಂದು ಚಿವುಟಿಕೊಳ್ಳುತ್ತಿದ್ದ ಮಗನ ಬೆರಳುಗಳು. ಮುಂದೆ ದಂಡನಾಯಕ, ಹಿಂದೆ ಹೆದರಿದ ಹುಡುಗ.

"ಅಲ್ಲಾಡಬೇಡ," ಎಂದ ಮಾಮ.

ಸ್ಟುಡಿಯೋದ ಕರಿಕೋಟು ನೆನಪಾಯಿತು. ಊರಿಗೆಲ್ಲ ಅದೊಂದೇ ಕೋಟು. ಬಡಕಲು ಮೈಯವರಿಗೆ ಹಿಂದಿನಿಂದ ಕ್ಲಿಪ್ಪು ಕಚ್ಚಿಸುತ್ತಿದ್ದರು, ದಪ್ಪಗಿದ್ದವರಿಗೆ ಬೆನ್ನ ಹೊಲಿಗೆ ಬಿಚ್ಚಿಬಿಡುತ್ತಿದ್ದರು. ಗಂಡನ ಭುಜಕ್ಕೆ ಸಮನಾಗಲೆಂದು ಇಟ್ಟಿಗೆಯ ಮೇಲೆ ಹಿಮ್ಮಡಿ ಎತ್ತಿ ನಿಂತ ಹೆಣ್ಣುಮಕ್ಕಳು. ಹೊಡೆದಾಡಿಕೊಂಡು ಬಂದು, ಮುಂದೆ ನಗುತ್ತಾ ಹಿಂದೆ ಕೈ ಕೊಸರುತ್ತಿದ್ದ ಅಣ್ಣತಮ್ಮಂದಿರು. ಕ್ಯಾಮೆರಾಕ್ಕೆ ಇದೊಂದೂ ಕಂಡಿರಲಿಲ್ಲ. ಕಂಡವನು ಪರದೆಯ ಅಂಚು ಹಿಡಿದು ನಿಂತಿದ್ದವನೊಬ್ಬನೇ.

"ಡ್ಯೂಟಿಗೆ ಹೊತ್ತಾಯ್ತು," ಮಗ ಗೊಣಗಿದ. "ಅಮ್ಮ, ಇವುನ್ನ ತೆಗಿ."

"ತೆಗೀಬೇಡ," ಎಂದ ಮಾಮ.

"ಕ್ಲಿಪ್ಪು ಹಾಕ್ಕೊಂಡೇ ಗೇಟು ಕಾಯ್ಲಾ?"

"ಕಳ್ಳರು ಮುಂದಿನಿಂದ ಬಂದ್ರೆ ಚಿಂತೆಯಿಲ್ಲ," ಎಂದಳು ತಾಯಿ. ಅವಳು ಅಂಗಿ ಬಿಚ್ಚಿಸಿಕೊಂಡು ಯಂತ್ರಕ್ಕೆ ಕೊಡುವ ಹೊತ್ತಿಗೆ ಮಾಮ ಅಗಲ ಕುಂಚ ತೆಗೆದುಕೊಂಡಿದ್ದ. ಕಂಬಕ್ಕೆ ಬಿಳಿ ಬಳಿದ. ಹೂಕುಂಡಕ್ಕೆ ಬಳಿದ. ಮೆಟ್ಟಿಲು, ಮೋಡ, ಒಂದನ್ನೂ ಬಿಡಲಿಲ್ಲ. ಹೆಂಡತಿ ಯಂತ್ರ ನಿಲ್ಲಿಸಿ ಗಾಬರಿಯಿಂದ ನೋಡಿದಳು. ಆ ಬಳಿಕ ಅವನು ಊಟಕ್ಕೆ ಕರೆದರೆ ಹೂಂ ಎನ್ನುತ್ತಿದ್ದ, ಏಳುತ್ತಿರಲಿಲ್ಲ. ಕೈ ಎಷ್ಟೋ ಸಲ ಹಳೇ ಚಾಳಿಯಲ್ಲಿ ಅಂಚಿಗೆ ಓಡಿತು. ಹಗ್ಗ ಹರಿದ ಕರುವನ್ನು ಎಳೆತಂದಂತೆ ಅದನ್ನು ನಡುವಿಗೆ ಎಳೆದು ತಂದ.

ಶನಿವಾರ ಗಾಡಿ ಬಂತು. ಯಜಮಾನರ ಮಗಳು ಒಳಗೆ ಬಂದು ನಿಂತಳು. ಬಟ್ಟೆಯ ನಟ್ಟನಡುವೆ ಒಬ್ಬ ಬಡಕಲು ಮನುಷ್ಯ, ನೋಡುವವರಿಗೆ ಬೆನ್ನು ಹಾಕಿ. ಮೈಮೇಲೆ ದೊಡ್ಡ ಕರಿಕೋಟು, ಬೆನ್ನ ಮೇಲೆ ಕ್ಲಿಪ್ಪುಗಳು, ಹಿಂದೆ ಚಿವುಟಿಕೊಳ್ಳುವ ಬೆರಳು. ಅವನಾಚೆ ದೀಪ, ಮುಕ್ಕಾಲಿಯ ಮೇಲೆ ಕ್ಯಾಮೆರಾ, ಅದರ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿದ ಇನ್ನೊಬ್ಬ. ಅವನ ಕಾಲಷ್ಟೇ ಕಾಣುತ್ತಿತ್ತು.

ಅವಳು ನಕ್ಕಳು. ಆಮೇಲೆ ಬಗ್ಗಿ, ಆ ಕಾಲಿನ ಹತ್ತಿರ ಮುಖ ತಂದಳು. ಎಡಗಾಲ ಚಪ್ಪಲಿಯ ಪಟ್ಟಿಗೆ ತಂತಿ ಸುತ್ತಿತ್ತು.

"ಅಪ್ಪನ ಚಪ್ಪಲಿ," ಎಂದಳು. ಕುಕ್ಕರಗಾಲಲ್ಲಿ ಕುಳಿತು ತಂತಿಯತ್ತ ಬೆರಳು ಚಾಚಿ, ಬಣ್ಣ ಹಸಿಯೆಂದು ಹಿಂದೆಗೆದಳು. ಎದ್ದ ಮೇಲೆ ಕೇಳಿದಳು: "ಹೆಸರೆಲ್ಲಿ ಮಾಮ?"

ಮಾಮ ಸಣ್ಣ ಕುಂಚ ಅದ್ದಿಕೊಂಡ. ಎಡಕ್ಕೆ ಹೋದ, ಬಲಕ್ಕೆ ಹೋದ, ಮತ್ತೆ ಎಡಕ್ಕೆ ಬಂದ.

"ಎಲ್ಲರೂ ಮೂಲೇಲಿ ಹಾಕ್ತಾರೆ," ಎಂದಳು ಅವಳು.

"ಮೂಲೇಲಿ ನಿಂತಿದ್ದು ಸಾಕಮ್ಮ."

ಮೊಣಕಾಲೂರಿ ಕುಳಿತು, ಕೋಟಿನವನ ಹಿಮ್ಮಡಿಯ ಕೆಳಗೆ, ನಟ್ಟನಡುವೆ, ತನ್ನ ಹೆಸರಿನ ಮೊದಲ ಅಕ್ಷರ ಬರೆದ. ಅದು ತುಸು ಓರೆಯಾಯಿತು. ಬಿಳಿ ಡಬ್ಬಿಗೆ ಕೈಚಾಚಿದ. ಹೆಂಡತಿ ಕಾಲಿನಿಂದ ಡಬ್ಬಿಯನ್ನು ಆಚೆ ತಳ್ಳಿದಳು.