ಒಂಬತ್ತನೇ ಆವೃತ್ತಿಯೊಳಗಿನ ಸಕ್ಕರೆ

ಮರ್ಡೊ ಗೆಡ್ಡಿಸ್ ಹುಟ್ಟಿದಂದಿನಿಂದ ಒಂದೂ ಸುಳ್ಳು ಹೇಳಿದವನಲ್ಲ. ಇದನ್ನು ಅವನ ಹೆಂಡತಿ ನೆಟ್ಟಾ ಕೂಡ ಒಪ್ಪುತ್ತಿದ್ದಳು. ಆದರೆ ಯಾರಾದರೂ ಕೇಳದ ಹೊರತು ಅವನು ನಿಜವನ್ನೂ ಹೇಳುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ, "ಏನ್ರೀ, ಹೊಗೆ ವಾಸನೆ ಬರ್ತಿದೆಯಾ?" ಎಂದು ಕೇಳಿದ ಮೇಲೆಯೇ "ಹೌದು" ಎನ್ನುವ ಗಂಡಸು ಎಂದು ಗ್ಲಾಸ್ಗೋದ ಪಾರ್ಟಿಕ್ ಬಡಾವಣೆಯ ಚರ್ಚಿನ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಗೋವನ್‌ನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನ ಮಗ ಅವನು. ಇಪ್ಪತ್ತನೇ ವಯಸ್ಸಿನಲ್ಲಿ ಗ್ಲಾಸ್ಗೋದ ಕಾಲೇಜೊಂದಕ್ಕೆ ತಂತಿ ಎಳೆಯುವ ಕೆಲಸಕ್ಕೆ ಸೇರಿದ. ಅಲ್ಲಿನ ಪ್ರೊಫೆಸರೊಬ್ಬರು ಬ್ರ್ಯಾಂಬಲ್ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನೂ, ಆ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರನ್ನೂ ಕಟ್ಟುತ್ತಿದ್ದರು. ಮರ್ಡೊ ತಂತಿ ಎಳೆಯುತ್ತ ಅವರ ಹಿಂದೆ ನಿಂತು ನೋಡಿದ. ನೋಡುತ್ತ ಕಲಿತ. ಹನ್ನೆರಡು ವರ್ಷದ ಮೇಲೆ ಪ್ರೊಫೆಸರು ಬೇರೆ ಊರಿಗೆ ಹೋದಾಗ, ಕಂಪೈಲರನ್ನು ನೋಡಿಕೊಳ್ಳುವವರು ಯಾರು ಎಂದು ಕೋಣೆಯಲ್ಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. "ನಿನಗೆ ಬರುತ್ತಾ?" ಎಂದು ಯಾರೋ ಕೇಳಿದರು. ಕೇಳಿದ್ದರಿಂದ ಅವನು "ಬರುತ್ತೆ" ಎಂದ. ಅಲ್ಲಿಂದ ಮೂವತ್ತೊಂದು ವರ್ಷ ಅದೇ ಅವನ ಬದುಕಾಯಿತು.

ಬ್ರ್ಯಾಂಬಲ್ ಫಂಕ್ಷನಲ್ ಎಂಬ ಪಂಗಡದ ಭಾಷೆ. ಆ ಪಂಗಡದಲ್ಲೂ ಅದು ಸೋಮಾರಿ ಮನೆತನದ್ದು. ಇಂಥ ಲೆಕ್ಕ ಮಾಡು ಎಂದು ಬರೆದಿಟ್ಟರೆ ಅದು ತಕ್ಷಣ ಮಾಡುವುದಿಲ್ಲ. ಆ ಲೆಕ್ಕದ ಉತ್ತರ ಯಾರಿಗಾದರೂ ನಿಜವಾಗಿ ಬೇಕಾದಾಗ ಮಾತ್ರ ಎದ್ದು ಮಾಡುತ್ತದೆ. ಯಾರೂ ಕೇಳದಿದ್ದರೆ ಕೊನೆಯವರೆಗೂ ಮಾಡುವುದೇ ಇಲ್ಲ. ಇದು ದೊಡ್ಡ ಜಾಣತನವೆಂದು ಆ ವಿದ್ಯೆ ಬಲ್ಲವರು ಹೇಳುತ್ತಾರೆ. ಮರ್ಡೊ ಒಮ್ಮೆ ನೆಟ್ಟಾಗೆ ಇದನ್ನು ವಿವರಿಸಿದಾಗ ಅವಳು ಹೆಣಿಗೆಯಿಂದ ತಲೆ ಎತ್ತದೆ, "ಇದಕ್ಕೆ ಪ್ರೊಫೆಸರ್ ಯಾಕೆ ಬೇಕಿತ್ತು? ನಿನ್ನನ್ನ ನೋಡಿ ಬರೆದಿರಬೇಕು," ಎಂದಿದ್ದಳು.

ಈ ಸೆಪ್ಟೆಂಬರಿಗೆ ಮರ್ಡೊನ ನಿವೃತ್ತಿ. ಅದಕ್ಕೆ ಮೊದಲು ಬ್ರ್ಯಾಂಬಲ್‌ನ ಒಂಬತ್ತನೇ ಆವೃತ್ತಿ ಹೊರಬರಬೇಕು. ಮೊದಲ ಎಂಟನ್ನೂ ಸಿದ್ಧಪಡಿಸಿದ್ದು ಅವನ ಮೇಜಿನ ಕೆಳಗಿದ್ದ ಫ್ಲೋರಾ ಎಂಬ ಹಳೇ ಯಂತ್ರ. ಕಸ ಗುಡಿಸುವವರು ಅದರ ಮೇಲೆ ಒರೆಸುವ ಬಟ್ಟೆ ಒಣಗಿಸುತ್ತಿದ್ದರು. ಅಷ್ಟು ಬಿಸಿ ಅದು. ಒಂಬತ್ತನೆಯದು ಮಾತ್ರ ಫ್ಲೋರಾದ ಹಂಗಿಲ್ಲದೆ, ಯಾರ ಯಂತ್ರದಲ್ಲಾದರೂ ಸಿದ್ಧವಾಗುವಂತಿರಬೇಕು ಎಂದು ಪಟ್ಟು ಹಿಡಿದವಳು ಮೊರ್ವೆನ್. ಮರ್ಡೊನ ಜಾಗಕ್ಕೆ ಬರಲಿದ್ದ ಮೂವತ್ತನಾಲ್ಕರ ಹೆಂಗಸು, ಮಾತು ಚುರುಕು.

ಅವಳು ಇನ್ನೊಂದು ನಿಯಮವನ್ನೂ ತಂದಿದ್ದಳು. ಪ್ರತಿ ಆವೃತ್ತಿಗೂ ಸಾವಿರಾರು ಸಣ್ಣ ಪರೀಕ್ಷೆಗಳಿರುತ್ತವೆ. ಪರೀಕ್ಷೆಗೆ ಬೇಕಾದ ಕಡತ ಸಿಗದಿದ್ದರೆ ಹಳೆಯ ಕಂಪೈಲರು ಸದ್ದಿಲ್ಲದೆ ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಇನ್ನು ಮುಂದೆ ಹಾಗಿಲ್ಲ, ಸಿಗದಿದ್ದರೆ ನಪಾಸು ಎಂದು ಮೊರ್ವೆನ್ ಬರೆದಳು.

ಮಂಗಳವಾರ ಬೆಳಿಗ್ಗೆ ಮರ್ಡೊ ಚಹಾ ಹಿಡಿದು ಬರುವಾಗ ಅವಳು ಪರದೆಯ ಮುಂದೆ ಕೈಕಟ್ಟಿ ಕೂತಿದ್ದಳು.

"ಬಾ ಅಜ್ಜ, ಕೂತ್ಕೋ. ನನ್ನ ಯಂತ್ರದಲ್ಲಿ ಒಂದು ಪರೀಕ್ಷೆ ನಪಾಸಾಗಿ ಬಿದ್ದಿದೆ. ಲಿಸ್ಬನ್‌ನವರದ್ದೂ ಬಿದ್ದಿದೆ, ನೈರೋಬಿಯವರದ್ದೂ ಬಿದ್ದಿದೆ. ಇಡೀ ಭೂಮಿ ಮೇಲೆ ಪಾಸಾಗಿರೋದು ನಿನ್ನ ಫ್ಲೋರಾ ಒಬ್ಬಳೇ."

"ಯಾವ ಪರೀಕ್ಷೆ?"

"ಪದ ಎಣಿಸೋದು. ಒಂದು ಬರಹ ಓದಿ ಅರವತ್ತೊಂದು ಪದ ಇದೆ ಅನ್ನಬೇಕು. ಬರಹ ಎಲ್ಲಿದೆ ಅಂತ ನೋಡಿದ್ರೆ, ಫ್ಲೋರಾ ಒಳಗೆ, ನಿನ್ನ ಸ್ವಂತ ಕಪಾಟಿನಲ್ಲಿ." ಅವಳು ಪರದೆಗೆ ಬಾಗಿ ಕಡತದ ಹೆಸರನ್ನು ಗಟ್ಟಿಯಾಗಿ ಓದಿದಳು. "'ನೆಟ್ಟಾಳ ಅಮ್ಮನ ಟ್ಯಾಬ್ಲೆಟ್.' ಏನಿದು ಮರ್ಡೊ? ಅತ್ತೆಯ ಔಷಧಿ ಚೀಟಿಯಾ?"

"ಅಲ್ಲ, ಮಿಠಾಯಿ ಟ್ಯಾಬ್ಲೆಟ್. ಸಕ್ಕರೆ, ಬೆಣ್ಣೆ, ಹಾಲು. ಮಾಡೋ ವಿಧಾನ."

ಮೊರ್ವೆನ್ ಐದು ನಿಮಿಷ ನಕ್ಕಳು. ಮರ್ಡೊ ನಗಲಿಲ್ಲ. ಚಹಾ ಲೋಟ ಮೇಜಿನ ಮೇಲಿಡಲು ಹೋಗಿ ಮೇಜಿನ ಆಚೆ ಇಟ್ಟ.

ಅವನು ನಗದಿದ್ದಕ್ಕೆ ಕಾರಣವಿತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಪದ ಎಣಿಸುವ ಪರೀಕ್ಷೆಗೆ ಅವನಿಗೊಂದು ಬರಹ ಬೇಕಾಗಿತ್ತು. ಕಾಲು, ಮುಕ್ಕಾಲು ಎಂಬಂಥ ಅಂಕಿಗಳು ನಡುನಡುವೆ ಬರಬೇಕಿತ್ತು. ಅವುಗಳಲ್ಲೇ ಕಂಪೈಲರು ಎಡವುತ್ತಿದ್ದದ್ದು. ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು, ಜೇಬಿಗಿಟ್ಟುಕೊಂಡು ಹೋದ. ಅದು ನೆಟ್ಟಾಳ ತಾಯಿ ಸಾಯುವ ಮೊದಲು ತನ್ನ ಕೈಯಾರೆ ಬರೆದುಕೊಟ್ಟ ಕಾಗದ. ಆ ತಾಯಿಯ ಟ್ಯಾಬ್ಲೆಟ್ ಚರ್ಚಿನ ಸಂತೆಯಲ್ಲಿ ಬಾಗಿಲು ತೆರೆದ ಹತ್ತು ನಿಮಿಷಕ್ಕೆ ಖಾಲಿಯಾಗುತ್ತಿತ್ತು.

ಅದೇ ದಿನ ಆ ವಿಧಾನವನ್ನು ನಕಲು ಮಾಡಿಕೊಳ್ಳಲು ಮರ್ಡೊನ ತಂಗಿ ಇಷ್ಬೆಲ್ ಮನೆಗೆ ಬಂದಿದ್ದಳು. ಅವಳು ನಕಲು ಮಾಡದೆಯೇ ಹೋದಳು, ಹೋದ ಮೇಲೆ ನೋಡಿದರೆ ಕಾಗದವಿಲ್ಲ. ಅವಳೇ ಒಯ್ದಳೆಂದುಕೊಂಡರೂ ನೆಟ್ಟಾ ಒಂದು ಮಾತೂ ಕೇಳಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಬೆಂಚಿನ ಆ ತುದಿಗೆ ಹೋಗಿ ಕೂತಳು, ಅಷ್ಟೇ. ಇಷ್ಬೆಲ್ ಈ ತುದಿಯಲ್ಲೇ ಉಳಿದಳು. ನಡುವೆ ನಾಲ್ಕು ಜನ ಕೂರುವಷ್ಟು ಜಾಗ. ಆ ಜಾಗ ಇಪ್ಪತ್ತನಾಲ್ಕು ವರ್ಷ ಖಾಲಿ ಇತ್ತು.

ಇದರ ಫಲ ಮರ್ಡೊನ ತಲೆಗೇ ಬಂತು. ಅವನು ಚರ್ಚಿನ ಹಿರಿಯರಲ್ಲೊಬ್ಬ. ಪ್ರಭುಭೋಜನದ ದಿನ ರೊಟ್ಟಿಯ ತಟ್ಟೆ ಹಿಡಿದು ನಡೆಯುವವನು. ಬೇರೆ ಬೆಂಚುಗಳಲ್ಲಿ ತಟ್ಟೆ ಕೈಯಿಂದ ಕೈಗೆ ತಾನೇ ಸಾಗುತ್ತಿತ್ತು. ಈ ಬೆಂಚಿಗೆ ಮಾತ್ರ ಅವನು ಹೆಂಡತಿಗೆ ಕೊಟ್ಟು, ತಟ್ಟೆ ವಾಪಸು ತೆಗೆದುಕೊಂಡು, ಸುತ್ತು ಬಳಸಿ ಆಚೆ ಬದಿಗೆ ಹೋಗಿ ತಂಗಿಗೆ ಕೊಡಬೇಕಿತ್ತು. ಒಂದೊಂದು ಸಲವೂ ಅವನ ಕಿವಿ ಕೆಂಪಾಗುತ್ತಿತ್ತು. ಚರ್ಚನ್ನು ಬೆಚ್ಚಗಿಡುವ ಬಿಸಿ ಕೊಳವೆಯ ಪಕ್ಕ ಹಾದುಹೋಗುವುದರಿಂದ ಎಂದು ಪಾದ್ರಿಗಳು ತಿಳಿದಿದ್ದರು.

ಮೊದಲ ವಾರವೇ ಹೇಳಬಹುದಿತ್ತು. ಯಾರೂ ಕೇಳಲಿಲ್ಲ. ನೆಟ್ಟಾ ನೆನಪಿನಿಂದ ಟ್ಯಾಬ್ಲೆಟ್ ಮಾಡುತ್ತ ಹೋದಳು. ಒಮ್ಮೆ ಅದು ಮರಳಿನಂತಾಯಿತು, ಒಮ್ಮೆ ಗೋಂದಿನಂತಾಯಿತು. ಕೆಟ್ಟ ಪ್ರತಿಯೊಂದು ತಟ್ಟೆಯನ್ನೂ ಮರ್ಡೊ ಒಂದು ಚೂರೂ ಬಿಡದೆ ತಿಂದ. ಅದು ಪ್ರೀತಿ ಎಂದು ನೆಟ್ಟಾ ಅಂದುಕೊಂಡಳು, ಪ್ರಾಯಶ್ಚಿತ್ತ ಎಂದು ಅವನಿಗೆ ಮಾತ್ರ ಗೊತ್ತಿತ್ತು. ಆ ಅವಧಿಯಲ್ಲಿ ಅವನ ಎರಡು ಹಲ್ಲು ಹೋದವು.

ನಗು ನಿಂತ ಮೇಲೆ ಮೊರ್ವೆನ್ ಕಣ್ಣೊರೆಸಿಕೊಂಡು, "ಸರಿ, ಈ ಕಡತನ ಮೂಲ ಬರಹದ ಜತೆ ಸೇರಿಸಿಬಿಡೋಣ. ಎಲ್ಲರ ಹತ್ರಾನೂ ಇರುತ್ತೆ, ಎಲ್ಲರದ್ದೂ ಪಾಸಾಗುತ್ತೆ," ಎಂದಳು. ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. "ಆದರೆ ಅದಕ್ಕೆ ಒಪ್ಪಿಗೆ ಬೇಕಲ್ಲ."

ಬ್ರ್ಯಾಂಬಲ್ ಎಲ್ಲರಿಗೂ ತೆರೆದ ವಸ್ತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗಾಗಿಯೇ ಅದರೊಳಗೆ ಸೇರುವ ಒಂದೊಂದು ಸಾಲೂ ಯಾರದ್ದು, ಅವರು ಮನಸಾರೆ ಕೊಟ್ಟರೇ ಎಂಬುದು ದಾಖಲಾಗಬೇಕು. ಬರೆದವರು ತೀರಿಹೋಗಿದ್ದರೆ ಅವರ ಮಕ್ಕಳನ್ನು ಕೇಳಬೇಕು. ಈ ನಿಯಮ ಬರೆದವನು ಮರ್ಡೊ. ಒಮ್ಮೆ ಒಂದೇ ಒಂದು ಸಾಲಿಗಾಗಿ ನಾರ್ವೆಯ ವಿಧವೆಯೊಬ್ಬರಿಗೆ ಅವನು ಮೂರು ಕಾಗದ ಬರೆದಿದ್ದ.

"ಅತ್ತೆ ಇಲ್ಲ. ಅಂದ್ರೆ ನೆಟ್ಟಾಳನ್ನ ಕೇಳಬೇಕು. ಕೇಳ್ತೀಯಾ?" ಎಂದಳು ಮೊರ್ವೆನ್.

ಮರ್ಡೊ ಕಿಟಕಿಯ ಕಡೆ ನೋಡಿದ. ಮೊರ್ವೆನ್ ಅವನನ್ನೇ ನೋಡಿದಳು.

"ಓ ದೇವರೇ. ಅವಳಿಗೆ ಗೊತ್ತೇ ಇಲ್ಲ, ಅಲ್ವಾ?"

ಕೇಳಿದ ಮೇಲೆ ಅವನು ಎಲ್ಲವನ್ನೂ ಹೇಳಿದ. ಮೊರ್ವೆನ್ ಈ ಬಾರಿ ನಗಲಿಲ್ಲ. ಮೆಲ್ಲಗೆ, "ನೋಡು, ಯಾರಿಗೂ ತಿಳಿಯೋದು ಬೇಡ. ಅದನ್ನ ಅಳಿಸಿ ರೈಲಿನ ವೇಳಾಪಟ್ಟಿ ಹಾಕೋಣ. ಅರ್ಧ ಗಂಟೆ ಕೆಲಸ. ಶುಕ್ರವಾರ ಬಿಡುಗಡೆ, ನೀನು ಆರಾಮಾಗಿ ಮನೆಗೆ ಹೋಗು," ಎಂದಳು.

ಮರ್ಡೊ "ನಾಳೆ ಹೇಳ್ತೀನಿ" ಎಂದ.

ಬುಧವಾರ ಮಧ್ಯಾಹ್ನದವರೆಗೂ ಅವನ ಬೆರಳು ಅಳಿಸುವ ಗುಂಡಿಯ ಹತ್ತಿರವೇ ಇತ್ತು. ಅದು ಸುಲಭ, ಯಾರಿಗೂ ನೋವಿಲ್ಲ. ಆದರೆ ಬರುವ ಭಾನುವಾರ ಪ್ರಭುಭೋಜನ. ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇದ್ದರೆ ಮೊದಲು ಹೋಗಿ ಸರಿಮಾಡಿಕೊಂಡು ಬನ್ನಿ ಎಂದು ಪಾದ್ರಿಗಳು ಮೊನ್ನೆ ತಾನೇ ನೆನಪಿಸಿದ್ದರು. ಅದನ್ನು ಅವನು ನೂರು ಸಲ ಕೇಳಿದ್ದ. ಈ ಕಡತ ಅಳಿಸಿದರೆ ನೆಟ್ಟಾಳ ಅಮ್ಮನ ಅಡುಗೆಯ ಕೊನೆಯ ಪ್ರತಿಯೂ ಹೋಗುತ್ತದೆ, ಆ ನಾಲ್ಕು ಜನರ ಜಾಗ ಹಾಗೆಯೇ ಉಳಿಯುತ್ತದೆ ಎಂಬುದು ಮಾತ್ರ ಈಗ ಮೊದಲ ಸಲ ಹೊಳೆಯಿತು. ಅವನು ಕಡತವನ್ನು ಕಾಗದದ ಮೇಲೆ ಅಚ್ಚು ಹಾಕಿ, ಮಡಚಿ, ಜೇಬಿಗಿಟ್ಟುಕೊಂಡು ಸುರಂಗ ರೈಲು ಹತ್ತಿದ.

ನೆಟ್ಟಾ ಮೀನು ಕರಿಯುತ್ತಿದ್ದಳು. ಅವನು ಕೋಟೂ ಬಿಚ್ಚದೆ ಅಡುಗೆಮನೆಯ ನಡುವೆ ನಿಂತ.

"ಏನು, ಕೆಲಸದಿಂದ ತೆಗೆದರಾ? ಇನ್ನು ಎರಡು ವಾರ ತಡೀಬಾರದಿತ್ತಾ ಪಾಪಿಗಳಿಗೆ?"

"ನೆಟ್ಟಾ, ನಿನ್ನ ಒಪ್ಪಿಗೆ ಬೇಕಾಗಿತ್ತು."

"ನನ್ನ ಒಪ್ಪಿಗೆ! ಮದುವೆಗೂ ನೀನು ಕೇಳಲಿಲ್ಲ, ನಾನೇ ಕೇಳಿಸಿದ್ದು. ಏನದು?"

ಅವನು ಕಾಗದ ಕೊಟ್ಟ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. ಬಾಣಲೆಯಲ್ಲಿ ಮೀನು ಸೀಯಿತು. ಮರ್ಡೊ ಒಲೆ ಆರಿಸಿದ. ಯಾರೂ ಹೇಳದೆ ತಾನಾಗಿಯೇ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

"ಇದು ಅಮ್ಮಂದು."

"ಹೌದು."

"ನಿನ್ನ ಹತ್ರ ಇತ್ತಾ?"

"ಕಂಪೈಲರ್ ಒಳಗೆ. ಪದ ಎಣಿಸೋಕೆ."

"ಇಪ್ಪತ್ತನಾಲ್ಕು ವರ್ಷ ನನ್ನ ಅಮ್ಮನ್ನ ಇಟ್ಕೊಂಡು ಪದ ಎಣಿಸ್ತಿದ್ಯಾ?" ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಅವಳ ಕೈಬರಹ ಎಲ್ಲಿ? ಆ ಕಾಗದ?"

"ಜಾಕೆಟ್ಟಿನ ಜೇಬಲ್ಲೇ ಇತ್ತು."

"ಯಾವ ಜಾಕೆಟ್ಟು?"

"ಕಂದು ಬಣ್ಣದ್ದು."

ನೆಟ್ಟಾ ಕುರ್ಚಿಯಲ್ಲಿ ಕೂತಳು. ಕಂದು ಜಾಕೆಟ್ಟನ್ನು ಜೇಬು ನೋಡದೆ ಚರ್ಚಿನ ಸಂತೆಗೆ ದಾನ ಕೊಟ್ಟವಳು ಅವಳೇ. ಮರ್ಡೊ ಅದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅವನ ಈ ಗುಣ ಒಳ್ಳೆಯದಕ್ಕೆ ಒದಗಿದ್ದೂ ಉಂಟು.

ಅವಳು ಸ್ವಲ್ಪ ಹೊತ್ತು ಅತ್ತಳು. ಅವನು ಪಕ್ಕದಲ್ಲಿ ನಿಂತೇ ಇದ್ದ. ಆಮೇಲೆ ಅವಳು ಮೂಗು ಒರೆಸಿಕೊಂಡು ಕಾಗದವನ್ನು ಮತ್ತೆ ಓದಿದಳು. "ಮುಕ್ಕಾಲು ಲೋಟ ಹಾಲು! ನಾನು ಪೂರ್ತಿ ಲೋಟ ಹಾಕ್ತಿದ್ದೆ. ಅದಕ್ಕೇ ಗೋಂದು." ಮತ್ತೊಂದು ಸಲ ಓದಿದಳು. "ಕೊನೇ ಸಾಲು ಎಲ್ಲಿ?"

"ಯಾವ ಸಾಲು?"

"'ಒಲೆಯಿಂದ ಇಳಿಸಿ, ಕೈ ಸಾಕು ಅನ್ನೋವರೆಗೂ ಕಲಕು. ಆಮೇಲೆ ಒಂದು ಕೀರ್ತನೆ ಹಾಡುವಷ್ಟು ಹೊತ್ತು ಮತ್ತೆ ಕಲಕು.' ಅಳತೆ ಮರೆತಿದ್ದೆ, ಇದನ್ನ ಮರೀತೀನಾ? ನೀನು ಬಿಟ್ಟಿದ್ದೀಯ."

"ಅದರಲ್ಲಿ ಅಂಕಿ ಇರಲಿಲ್ಲ," ಎಂದ ಮರ್ಡೊ.

ನೆಟ್ಟಾ ಅವನನ್ನು ಬಹಳ ಹೊತ್ತು ನೋಡಿದಳು. ನಲವತ್ತು ವರ್ಷ ಜತೆಗಿದ್ದ ಮೇಲೂ ಗಂಡನೆಂಬ ಪ್ರಾಣಿಯಲ್ಲಿ ಹೊಸದು ಸಿಗುತ್ತದೆ ಎಂಬಂತೆ.

"ಸರಿ. ಒಪ್ಪಿಗೆ ಕೊಡ್ತೀನಿ. ಎರಡು ಮಾತಿನ ಮೇಲೆ. ಅಮ್ಮಂದು ಅರ್ಧಂಬರ್ಧ ಲೋಕ ಸುತ್ತೋದು ಬೇಡ, ಆ ಸಾಲು ಸೇರಿಸು. ಇನ್ನೊಂದು, ಈಗಲೇ ಇಷ್ಬೆಲ್‌ಗೆ ಫೋನ್ ಮಾಡು. ನಾಳೆ ಅಲ್ಲ. ಈಗ."

ಅವನು ಮಾಡಿದ. ನೆಟ್ಟಾ ಕಿವಿ ಹತ್ತಿರ ತಂದಳು. ಇಷ್ಬೆಲ್ ಎಲ್ಲವನ್ನೂ ಕೇಳಿಸಿಕೊಂಡು ನಿಧಾನವಾಗಿ ಹೇಳಿದಳು:

"ನೀನು ಜೇಬಿಗೆ ಹಾಕಿದ್ದು ನಾನು ನೋಡಿದ್ದೆ ಕಣೋ."

"ನೋಡಿದ್ಯಾ? ಮತ್ತೆ ಯಾಕೆ ಹೇಳಲಿಲ್ಲ?"

"ನೆಟ್ಟಾ ಕೇಳಲಿಲ್ಲ. ಬೆಂಚಿನ ಆ ಕಡೆ ಹೋಗಿ ಕೂತಳು. ಕೇಳಿದ್ರೆ ಹೇಳ್ತಿದ್ದೆ."

ನೆಟ್ಟಾ ಫೋನು ಕಸಿದುಕೊಂಡಳು. "ಇಷ್ಬೆಲ್ ಗೆಡ್ಡಿಸ್, ನಿಮ್ಮಪ್ಪ ಅಮ್ಮ ನಿಮ್ಮಿಬ್ಬರನ್ನೂ ಹಡೆದರೋ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೋ?" ಎಂದಳು. ಆ ಕಡೆಯಿಂದ ಇಷ್ಬೆಲ್ ನಗುವುದು ಕೇಳಿಸಿತು. "ನಾನು ಕೇಳಬೇಕಿತ್ತು," ಎಂದು ನೆಟ್ಟಾ ಸಣ್ಣ ದನಿಯಲ್ಲಿ ಸೇರಿಸಿದಳು. "ಕೇಳಬೇಕಿತ್ತು ನಾನು." ಮರ್ಡೊ ಸೀದ ಮೀನನ್ನು ತಟ್ಟೆಗೆ ಹಾಕಿಕೊಂಡು ತಿನ್ನತೊಡಗಿದ. ರೂಢಿಯಾಗಿಬಿಟ್ಟಿತ್ತು.

ಗುರುವಾರ ಕೊನೆಯ ಸಾಲು ಸೇರಿತು. ಸೇರಿದ್ದೇ ತಡ ಎಲ್ಲ ಯಂತ್ರಗಳಲ್ಲೂ ಪರೀಕ್ಷೆ ನಪಾಸಾಯಿತು, ಫ್ಲೋರಾದಲ್ಲೂ. ಅರವತ್ತೊಂದು ಪದ ಇರಬೇಕಾದಲ್ಲಿ ಎಪ್ಪತ್ತನಾಲ್ಕು. "ಇಷ್ಟು ವರ್ಷಕ್ಕೆ ನಿನ್ನ ಲೆಕ್ಕ ತಪ್ಪು ಅಂತ ತೋರಿಸಿದ್ದು ನಿನ್ನ ಹೆಂಡ್ತಿ," ಎಂದು ಮೊರ್ವೆನ್ ಅಂಕಿಯನ್ನು ತಾನೇ ತಿದ್ದಿದಳು. ಶುಕ್ರವಾರ ಒಂಬತ್ತನೇ ಆವೃತ್ತಿ ಅವಳ ಯಂತ್ರದಿಂದ ಹೊರಟಿತು. ಜತೆಗಿದ್ದ ಟಿಪ್ಪಣಿಯಲ್ಲಿ ಕೆಲಸ ಮಾಡಿದವರ ಹೆಸರುಗಳ ನಡುವೆ ನೆಟ್ಟಾಳದ್ದೂ, ಅವಳ ತಾಯಿಯದ್ದೂ ಇದ್ದವು. ನೈರೋಬಿಯಿಂದ ಒಬ್ಬರು ಕಂಪೈಲರ್ ಬಗ್ಗೆ ಒಂದು ಮಾತೂ ಬರೆಯದೆ, ಯಾವ ಕೀರ್ತನೆ ಎಂದಷ್ಟೇ ಕೇಳಿ ಬರೆದರು.

ಭಾನುವಾರ ಮರ್ಡೊ ರೊಟ್ಟಿಯ ತಟ್ಟೆ ಹಿಡಿದು ನಡೆದ. ರೂಢಿಯಂತೆ ನೆಟ್ಟಾಳಿಗೆ ಕೊಟ್ಟು, ವಾಪಸು ಪಡೆಯಲು ಕೈ ಚಾಚಿದ. ತಟ್ಟೆ ಬರಲಿಲ್ಲ. ನೆಟ್ಟಾ ಅದನ್ನು ಪಕ್ಕಕ್ಕೆ ದಾಟಿಸಿದ್ದಳು. ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ, ಇಷ್ಬೆಲ್ ಕೂತಿದ್ದಳು. ಇಬ್ಬರ ನಡುವೆ ಕಾಗದದಲ್ಲಿ ಸುತ್ತಿದ ಸಣ್ಣ ಪೊಟ್ಟಣ.

ಖಾಲಿ ಕೈ ಚಾಚಿಕೊಂಡು ಏನು ಮಾಡಬೇಕೆಂದು ತೋಚದೆ ಮರ್ಡೊ ಅಲ್ಲೇ ನಿಂತ.

"ಹೋಗೋ," ಎಂದು ತಂಗಿ ಪಿಸುಗುಟ್ಟಿದಳು. "ನಿನ್ನನ್ನ ಯಾರೂ ಕೇಳಲಿಲ್ಲ."